ಕಾಲ್ಗುಣ ಎಣಿಸಿದ ಮಳೆಗಾಲ

ಹೋದ ಭಾನುವಾರ ಬೆಳಿಗ್ಗೆಯಿಂದ ನನ್ನ ತಲೆಯ ಮೇಲೆ ಟಣ್ ಟಣ್ ಎಂದು ಒಂದು ಸದ್ದು. ಮೇಲಿನ ಮನೆಯಲ್ಲಿ ಏನೋ ಬೀಳುತ್ತದೆ, ಉರುಳುತ್ತದೆ, ನಿಲ್ಲುತ್ತದೆ. ಒಂದು ಗಳಿಗೆ ಸುಮ್ಮನಿದ್ದು ಮತ್ತೆ ಬೀಳುತ್ತದೆ. ಹತ್ತು ನಿಮಿಷ ತಾಳಿಕೊಂಡೆ. ಆಮೇಲೆ, ವಯಸ್ಸಾದವರಿಗೆ ಮಹಡಿ ಹತ್ತಿ ಗೊಣಗುವ ಹಕ್ಕಾದರೂ ಇರಬೇಕಲ್ಲ ಎಂದುಕೊಂಡು ಮೇಲೆ ಹೋದೆ. ಬಾಗಿಲಲ್ಲೇ ಆ ಮನೆಯ ಹುಡುಗಿ ನೆಲದ ಮೇಲೆ ಕುಳಿತಿದ್ದಳು. ಏಳನೇ ತರಗತಿಯವಳು. ಕೈಯಲ್ಲಿ ಎರಡು ರೂಪಾಯಿಯ ನಾಣ್ಯ, ಮಗ್ಗುಲಲ್ಲಿ ನೋಟ್‌ಬುಕ್ಕು, ಅದರ ತುಂಬ ಐದೈದರ ಕಟ್ಟು ಕಟ್ಟಿದ ಗೀಟುಗಳು.

"ಅಜ್ಜಿ, ನೂರು ಸಲ ಒಗೀಬೇಕ್ರಿ. ಅರವತ್ತೆರಡ ಆಗ್ಯಾವ," ಎಂದಳು ತಪ್ಪೊಪ್ಪಿಕೊಳ್ಳುವವಳಂತೆ.

ಗೊಣಗಲು ಹೋದವಳು ಅವಳ ಪಕ್ಕದಲ್ಲಿ ಕುಳಿತು ಉಳಿದ ಮೂವತ್ತೆಂಟನ್ನೂ ಎಣಿಸಿಕೊಟ್ಟೆ. ಕೆಳಗಿಳಿದು ಬರುವಷ್ಟರಲ್ಲಿ ಒಲೆಯ ಮೇಲಿನ ಬೇಳೆ ತಳ ಹಿಡಿದಿತ್ತು.

ಈಗ ಇದಕ್ಕೆಂದೇ ಒಂದು ಪಾಠವಿದೆಯಂತೆ, ಸಂಭವನೀಯತೆ ಎಂದು ಹೆಸರು, ಬಣ್ಣದ ಚಿತ್ರಗಳೂ ಇವೆ. ನಾನು ಏಳನೇ ಇಯತ್ತೆ ಓದಿದ ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಪುಸ್ತಕದಲ್ಲಿ ಅದು ಇರಲಿಲ್ಲ. ನಮಗೆ ಅದು ಬಂದದ್ದು ದೇಸಾಯಿ ಅಕ್ಕೋರ ಖಯಾಲಿಯಿಂದ. ಅಕ್ಕೋರು ಎಂದರೆ ನಮ್ಮ ಕಡೆ ಸಾಲಿ ಕಲಿಸುವ ಹೆಂಗಸು. ಎತ್ತರದ, ತೆಳ್ಳಗಿನ ಆಳು. ಕೋಟೆಯ ಕಡೆಯಿಂದ ಸೈಕಲ್ ಹೊಡೆದುಕೊಂಡು ಬರುತ್ತಿದ್ದರು. ಸೀರೆಯ ಅಂಚು ಚೈನಿಗೆ ಸಿಗದಿರಲೆಂದು ಬಟ್ಟೆ ಒಣಹಾಕುವ ಚಿಮಟಿಯೊಂದನ್ನು ನೆರಿಗೆಗೆ ಸಿಕ್ಕಿಸಿಕೊಂಡಿರುತ್ತಿದ್ದರು. ಎಷ್ಟೋ ದಿನ ಅದನ್ನು ತೆಗೆಯಲು ಮರೆತು ಚಿಮಟಿಯ ಸಮೇತ ಗಣಿತ ಕಲಿಸಿದ್ದುಂಟು. ನನಗೋ ಗಣಿತವೆಂದರೆ ಹೊಟ್ಟೆನೋವು. ನೆಪದ ಹೊಟ್ಟೆನೋವಲ್ಲ, ನಿಜವಾಗಿಯೂ ನೋಯುತ್ತಿತ್ತು. ಅವ್ವ ಓಂಕಾಳು ಕೊಟ್ಟು ಕಳಿಸುತ್ತಿದ್ದಳು.

ಜೂನ್ ತಿಂಗಳ ಒಂದು ಶನಿವಾರ ಅಕ್ಕೋರು ಹಾಜರಿ ಮುಗಿಸಿದವರೇ, "ಎಲ್ಲಾರೂ ಒಂದೊಂದು ಐದು ಪೈಸಾ ತಗೀರಿ," ಎಂದರು. ಇಲ್ಲದವರಿಗೆ ತಾವೇ ಕೊಟ್ಟರು. ನಾಣ್ಯದ ಎರಡು ಮೈಗೆ ನಮ್ಮಲ್ಲಿ ಛಾಪಾ, ಕಾಟಾ ಎನ್ನುತ್ತಾರೆ. ಮರಾಠಿ ಮನೆಯ ಮಕ್ಕಳದೂ ಅದೇ ಮಾತು, ಕನ್ನಡದವರದೂ ಅದೇ ಮಾತು. ಆ ಒಂದು ವಿಷಯದಲ್ಲಿ ಗಡಿಯಂಚಿನ ನಮ್ಮ ಊರಿನಲ್ಲಿ ತಂಟೆ ಇರಲಿಲ್ಲ. ಒಬ್ಬೊಬ್ಬರು ಹತ್ತು ಸಲ ಒಗೆದು ಬರೆದುಕೊಳ್ಳಬೇಕೆಂದರು. ನನಗೆ ಹತ್ತರಲ್ಲಿ ಎಂಟು ಕಾಟಾ ಬಿದ್ದವು. ಕೈ ಎತ್ತಿದೆ.

"ಅಕ್ಕೋರ, ನನ್ನ ಪೈಸಾ ಸರಿ ಇಲ್ರಿ."

"ಎಷ್ಟು ಸಲ ಒಗದಿ?"

"ಹತ್ತು."

"ಹತ್ತು ಸಲಕ್ಕ ತೀರ್ಪು ಕೊಡಬ್ಯಾಡ. ಕೂಡು," ಎಂದರು.

ಆಮೇಲೆ ನಲವತ್ತು ಮಕ್ಕಳದನ್ನೂ ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ಕೂಡಿಸಿದರು. ಒಬ್ಬೊಬ್ಬರ ಹತ್ತು ಒಂದೊಂದು ಥರ ಇತ್ತು, ಏಳು ಮೂರು, ಎರಡು ಎಂಟು ಹೀಗೆ. ನಾನೂರನ್ನೂ ಕೂಡಿಸಿದಾಗ ಮಾತ್ರ ಛಾಪಾ ಕಾಟಾ ಹೆಚ್ಚುಕಡಿಮೆ ಸಮ. ಯಾರೋ ನಮ್ಮೆಲ್ಲರ ಹಿಂದೆ ನಿಂತು ಒಳಗೊಳಗೇ ಸರಿತೂಗಿಸಿದಂತೆ ಅನಿಸಿತು. ಹಾಗೆಂದು ಹೇಳಿದೆ ಕೂಡ. ಅಕ್ಕೋರು ನಕ್ಕರು. "ಯಾರೂ ತೂಗಸೂದಿಲ್ಲ. ಪೈಸಾಕ್ಕ ಹಿಂದಿಂದು ನೆನಪಿರೂದಿಲ್ಲ. ಒಂದು ಸಲಕ್ಕ ಏನು ಬೀಳ್ತದ ಅಂತ ನನಗೂ ಹೇಳಲಿಕ್ಕೆ ಬರೂದಿಲ್ಲ. ಸಾವಿರ ಸಲಕ್ಕ ಎಷ್ಟು ಬೀಳ್ತಾವ ಅಂತ ನೀನೂ ಹೇಳಬಹುದು." ಮನೆಗೆಲಸವೆಂದು, ಬರೀ ಯೋಚಿಸಿ ಹೇಳಲಾಗದಂಥ, ಒಗೆದೇ ನೋಡಬೇಕಾದಂಥ ವಸ್ತುವೊಂದನ್ನು ನೂರು ಸಲ ಒಗೆದು ಬರೆದು ತರಲು ಹೇಳಿದರು. ಚಮಚ, ಸೋಡಾ ಬಾಟಲಿಯ ಮುಚ್ಚಳ, ಕವಡೆ, ಏನಾದರೂ ಸರಿ.

ಕವಡೆ ನಮ್ಮ ಮನೆಯಲ್ಲಿ ವೈನಿಯ ಹತ್ತಿರ ಇದ್ದವು. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಆ ವರ್ಷದ ವೈಶಾಖದಲ್ಲೇ ಅವರ ಮದುವೆಯಾಗಿ, ನಮ್ಮ ಹಿಂದವಾಡಿಯ ಮನೆಗೆ ಬಂದು ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಹೆಸರು ನೀಲವ್ವ, ಖಾನಾಪುರದ ಹುಡುಗಿ. ಆಕೆಯ ಅಪ್ಪ ಅಲ್ಲಿಯ ಒಂದು ಹಂಚಿನ ಭಟ್ಟಿಯಲ್ಲಿ ಮೇಸ್ತ್ರಿಯಾಗಿದ್ದರು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಆಡಿ ಬೆಳೆದವಳು, ಸಿಟ್ಟು ಬಂದಾಗ ಎರಡನ್ನೂ ಬಿಟ್ಟು ಸುಮ್ಮನಾಗುತ್ತಿದ್ದಳು. ನನಗಿಂತ ಏಳೆಂಟು ವರ್ಷ ದೊಡ್ಡವಳಿರಬೇಕು ಅಷ್ಟೇ. ನನಗೆ ಅಕ್ಕ ಇರಲಿಲ್ಲ. ಸಾಲಿ ಬಿಟ್ಟ ಕೂಡಲೇ ಓಡಿ ಬಂದು ಆಕೆಯ ಬೆನ್ನಿಗೆ ಬೀಳುತ್ತಿದ್ದೆ.

ಆ ಎರಡು ತಿಂಗಳಲ್ಲಿ ನಮ್ಮ ಮನೆಗೆ ಏನೇನಾಯಿತು ಎಂಬುದನ್ನು ಹೇಳಬೇಕು. ಮದುವೆಯಾದ ಎಂಟನೇ ದಿನ ಅಪ್ಪ ಕೋಟೆಯ ಕೆರೆಯ ಬಳಿ ಸೈಕಲ್ಲಿನಿಂದ ಬಿದ್ದು ಬಲಗೈ ಮುರಿದುಕೊಂಡರು. ಅದಾದ ಮೇಲೆ ಹಿತ್ತಲಿನ ಎಮ್ಮೆ ಹಾಲು ನಿಲ್ಲಿಸಿತು. ಮೊದಲ ಮಳೆಯ ಗಾಳಿಗೆ ಬಚ್ಚಲುಮನೆಯ ಛಾವಣಿ ಹಾರಿ ಹಂಚೆಲ್ಲ ಪುಡಿಯಾದವು. ಕೊನೆಗೆ ಅಣ್ಣ ಕೆಲಸ ಮಾಡುತ್ತಿದ್ದ ಫೌಂಡ್ರಿಗೆ ಬೀಗ ಬಿತ್ತು. ಮಾಲೀಕರಿಗೂ ಕೆಲಸಗಾರರಿಗೂ ಏನೋ ಜಗಳ. ಅಣ್ಣ ದಿನಾ ಬೆಳಿಗ್ಗೆ ಅಂಗಿ ತೊಟ್ಟು ಗೇಟಿನ ತನಕ ಹೋಗಿ ಮರಳಿ ಬರುತ್ತಿದ್ದ.

ಅಪ್ಪ ಶಕುನ, ಪಂಚಾಂಗ ನಂಬುವವರಾಗಿರಲಿಲ್ಲ. ಶರಣರು ಅದನ್ನೆಲ್ಲ ಎಂದೋ ಬಿಡಿಸಿದ್ದಾರೆ ಎನ್ನುತ್ತಿದ್ದರು. ಅವ್ವನೂ ಹೌದೆನ್ನುತ್ತಿದ್ದಳು. ಆದರೆ ಬಾಯಿಂದ ಹೌದೆನ್ನುವುದು ಬೇರೆ, ಹೊಟ್ಟೆಯೊಳಗಿನ ಹೆದರಿಕೆ ಬೇರೆ. ಬಚ್ಚಲಿನ ಛಾವಣಿ ಹಾರಿದ ಮರುದಿನ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ನೋಡಿ ಹೋಗಲು ಬಂದಳು. ಆಕಾಶ ಕಾಣುವ ಬಚ್ಚಲನ್ನೂ, ಕೊರಳಿಗೆ ಕೈ ಕಟ್ಟಿಕೊಂಡ ಅಪ್ಪನನ್ನೂ ನೋಡಿ, ಅಡುಗೆಮನೆಯಲ್ಲಿ ದನಿ ತಗ್ಗಿಸದೆಯೇ ಹೇಳಿದಳು: "ಹುಡಿಗಿ ಛೊಲೊ ಅದಾಳವಾ. ಕಾಲ್ಗುಣ ಛೊಲೊ ಇಲ್ಲ." ವೈನಿ ಅಲ್ಲೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಲಿಲ್ಲ. ಆ ದಿನದ ರೊಟ್ಟಿಗಳು ಮಾತ್ರ ತೀರಾ ತೆಳ್ಳಗಾಗಿದ್ದವು.

ಇಂಥ ದಿನಗಳಲ್ಲಿ ನಾನು ಕವಡೆ ಕೇಳಿದೆ. ತವರಿನಿಂದ ತಂದ ಟ್ರಂಕಿನಲ್ಲಿ ಸಣ್ಣ ಚೀಲದೊಳಗೆ ಇದ್ದವು. ಇಬ್ಬರೂ ನಡುಮನೆಯಲ್ಲಿ ಚಾಪೆ ಹಾಸಿ ಕುಳಿತೆವು. ವೈನಿ ಒಗೆಯುವುದು, ನಾನು ಬರೆಯುವುದು. ಬಾಯಿ ಮೇಲಾದರೆ ಒಂದು ಕಡೆ ಗೀಟು, ಬೆನ್ನು ಮೇಲಾದರೆ ಇನ್ನೊಂದು ಕಡೆ. ಅರ್ಧ ದಾರಿಯಲ್ಲಿ ಏಳು ಸಲ ಒಂದೇ ಸಮ ಬೆನ್ನು ಬಿತ್ತು. ವೈನಿ ಕವಡೆಯನ್ನು ಎತ್ತಿ ತಿರುಗಿಸಿ ನೋಡಿದಳು.

"ಇದರೊಳಗ ಏನರ ಐತೇನು?"

"ಇಲ್ರಿ ವೈನಿ. ಸಾಲು ಹಿಡದು ಬರೂದು ಇದ್ದದ್ದ ಅಂತ ನಮ್ಮ ಅಕ್ಕೋರು ಹೇಳ್ಯಾರ. ಅಷ್ಟಕ್ಕ ಕವಡಿ ಕೆಟ್ಟೈತಿ ಅನಬಾರದಂತ."

ಆಕೆ ನನ್ನ ನೋಟ್‌ಬುಕ್ಕನ್ನು ಎಳೆದುಕೊಂಡು ಆ ಏಳು ಗೀಟುಗಳನ್ನು ಬಹಳ ಹೊತ್ತು ನೋಡಿದಳು. "ಏಳಕ್ಕ ಅನಬಾರದು ಅಂದಮ್ಯಾಲ ನಾಕಕ್ಕಂತೂ ಅನಬಾರದು," ಎಂದಳು. ಯಾವ ನಾಲ್ಕು ಎಂದು ನಾನು ಕೇಳಲಿಲ್ಲ. ಕೈ, ಎಮ್ಮೆ, ಛಾವಣಿ, ಫೌಂಡ್ರಿ ಎಂದು ಮನೆಯ ಗೋಡೆಗಳಿಗೂ ಗೊತ್ತಿತ್ತು. ಆಮೇಲೆ ಆಕೆ ನೂರಕ್ಕೆ ನಿಲ್ಲಿಸಲಿಲ್ಲ. ಮುನ್ನೂರು ಸಲ ಒಗೆದಳು. ಬರೆದು ಬರೆದು ನನ್ನ ಕೈ ನೋಯತೊಡಗಿದಾಗ ತಾನೇ ಪೆನ್ಸಿಲ್ ತೆಗೆದುಕೊಂಡಳು.

ಆಷಾಢ ಬಂತು. ಹೊಸ ಸೊಸೆ ಆಷಾಢಕ್ಕೆ ತವರಿಗೆ ಹೋಗುವುದು ವಾಡಿಕೆಯೇ. ಅಣ್ಣ ರೈಲು ಹತ್ತಿಸಿ ಬಂದ. ಆಕೆ ಟ್ರಂಕನ್ನೂ ಒಯ್ದದ್ದು ಮಾತ್ರ ನನಗೆ ಸರಿ ಕಾಣಲಿಲ್ಲ. ಒಂದು ತಿಂಗಳಿಗೆ ಟ್ರಂಕು ಏಕೆ ಬೇಕು. "ಅತ್ತಿ ಒಯ್ಯಿ ಅಂದಾರ," ಎಂದಷ್ಟೇ ಹೇಳಿ ನನ್ನ ಜಡೆ ಬಿಗಿದಳು. ಶ್ರಾವಣ ಬಂದಾಗ ಕರೆಯಲು ಯಾರೂ ಹೋಗಲಿಲ್ಲ. ನಾಗರ ಪಂಚಮಿ ಕಳೆಯಿತು. ಓಣಿಯವರು ಕೇಳಿದರೆ ಅವ್ವ, "ಇನ್ನ ನಾಕು ದಿನ ಇರ್ತಾಳ," ಎನ್ನುತ್ತಿದ್ದಳು. ಅಣ್ಣ ಏನೂ ಹೇಳುತ್ತಿರಲಿಲ್ಲ. ಕೆಲಸವಿಲ್ಲದ ಗಂಡಸು ಮನೆಯಲ್ಲಿ ದನಿ ಎತ್ತಬಾರದು ಎಂದುಕೊಂಡಿದ್ದನೋ ಏನೋ. ಇಂದಿಗೂ ಅಣ್ಣನ ಮೇಲೆ ನನಗೆ ಪ್ರೀತಿ ಇದೆ, ಆದರೆ ಆ ಎರಡು ತಿಂಗಳ ಮೌನವನ್ನು ನಾನು ಪೂರ್ತಿ ಮರೆತಿಲ್ಲ.

ಆಗಲೇ ಅಕ್ಕೋರು ಇನ್ನೊಂದು ಅಭ್ಯಾಸ ಕೊಟ್ಟರು. ಈಗ ಒಗೆಯುವುದು ಬೇಡ, ಮನೆಯಲ್ಲಿ ಮೊದಲೇ ಹೇಳಲು ಬಾರದ ಯಾವುದಾದರೊಂದನ್ನು ಮೂವತ್ತು ದಿನ ಎಣಿಸಿ ತರಬೇಕು. ಯಾರೋ ನಳದ ನೀರು ಎಷ್ಟು ದಿನ ಬಂತೆಂದು ಎಣಿಸಿದರು, ಯಾರೋ ಗೋಡೆಯ ಮೇಲೆ ಕಾಗೆ ಕೂತದ್ದನ್ನು. ನಾನು ಬರೆದ ತಲೆಬರಹ: ನಮ್ಮ ಮನೆಯಲ್ಲಿ ದಿನಾ ಏನೇನು ಕೆಡುತ್ತದೆ.

ನನ್ನ ಉದ್ದೇಶ ನಿಮಗೆ ಗೊತ್ತಾಗಿರಬೇಕು. ವೈನಿ ಮನೆಯಲ್ಲಿರಲಿಲ್ಲ. ಆಕೆಯಿಲ್ಲದೆಯೂ ಕೆಡುಕು ಆಗುತ್ತದೆಂದು ಅವ್ವನಿಗೆ ತೋರಿಸಬೇಕಿತ್ತು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅವ್ವನ ಮುಂದೆ ಕುಳಿತು, "ಇವತ್ತ ಏನ ಕೆಟ್ಟತವಾ?" ಎಂದು ಕೇಳುತ್ತಿದ್ದೆ. ಮೊದಮೊದಲು ಅವ್ವನಿಗೆ ಅದೊಂದು ಸಡಗರ. ಹಾಲು ಉಕ್ಕಿದ್ದು, ಹೊಸ್ತಿಲಿಗೆ ಕಾಲ್ಬೆರಳು ಬಡಿದದ್ದು, ಅಣ್ಣನ ಅಂಗಿ ಇಸ್ತ್ರಿಗೆ ಸುಟ್ಟದ್ದು, ಅಪ್ಪ ಛತ್ರಿ ಕಳೆದುಕೊಂಡು ಬಂದದ್ದು, ಎಲ್ಲವನ್ನೂ ನೆನೆಸಿ ನೆನೆಸಿ ಬರೆಸಿದಳು. ಹತ್ತು ಹನ್ನೆರಡು ದಿನಕ್ಕೆ ಹಾಳೆ ತುಂಬಿತು. ಆಕೆ ಅದನ್ನು ದಿಟ್ಟಿಸಿ ನೋಡಿ, "ಇಷ್ಟ ಎಲ್ಲಿಂದ ಬಂತ," ಎಂದಳು. ಆಮೇಲೆ ಬರೆಸುವಾಗ ದನಿ ಸಣ್ಣದಾಗುತ್ತ ಹೋಯಿತು.

ನಾನು ಅಷ್ಟಕ್ಕೆ ಬಿಡಲಿಲ್ಲ. ನಾಲ್ಕು ದಿನ ಒಂದೂ ಕೆಡಲಿಲ್ಲ. ನನಗೆ ಗಾಬರಿಯಾಯಿತು. ವೈನಿ ಇಲ್ಲದ್ದಕ್ಕೇ ಎಲ್ಲ ಸರಿಹೋಯಿತು ಎಂದುಬಿಟ್ಟರೆ ಏನು ಗತಿ. ಐದನೆಯ ದಿನ ಹೂವಿನ ಚಿತ್ರದ ಚಹಾ ಕಪ್ಪನ್ನು ಹಿತ್ತಲಿಗೆ ಒಯ್ದು, ಕಲ್ಲಿನ ಮೇಲೆ ಬಿಟ್ಟು, ಒಳಗೆ ಬಂದು ಗೀಟು ಎಳೆದೆ.

ತಿಂಗಳಾದ ಮೇಲೆ ಅಕ್ಕೋರು ನೋಟ್‌ಬುಕ್ಕನ್ನು ನೋಡುತ್ತ ಸರಿಯಾಗಿ ಅಲ್ಲಿಗೇ ಬೆರಳಿಟ್ಟರು. "ಈ ಕಪ್ಪು ಹೆಂಗ ಒಡೀತು?" ಅವರಿಗೆ ಹೇಗೆ ತಿಳಿಯಿತೋ. ಬಹುಶಃ ಬೇರೆಲ್ಲ ಕಡೆ ಯಾರಿಂದ ಏನಾಯಿತೆಂದು ಬರೆದಿದ್ದವಳು ಅಲ್ಲಿ ಮಾತ್ರ ಬರೀ 'ಕಪ್ಪು' ಎಂದಿದ್ದೆ. ನನಗೆ ಅಳು ಬಂತು. ಅಳುತ್ತಲೇ ಕಪ್ಪಿನದನ್ನೂ, ವೈನಿಯದನ್ನೂ, ದೊಡ್ಡವ್ವನ ಮಾತನ್ನೂ ಎಲ್ಲ ಹೇಳಿಬಿಟ್ಟೆ. ಅಕ್ಕೋರು ಬಯ್ಯಲಿಲ್ಲ. ಕೆಂಪು ಪೆನ್ನಿನಿಂದ ಕಪ್ಪಿನ ಗೀಟನ್ನು ಹೊಡೆದುಹಾಕಿದರು.

"ನೀ ಒಡದದ್ದು ಇದರಾಗ ಬರೂದಿಲ್ಲ. ಉತ್ತರ ಏನು ಬರಬೇಕು ಅಂತ ನೀ ಮೊದಲ ಠರಾಯಿಸಿ ಕೂತೀದಿ. ನಿಮ್ಮ ದೊಡ್ಡವ್ವ ಮಾಡಿದ್ದೂ ಅದನ್ನ."

ನನಗೆ ದೊಡ್ಡವ್ವನ ಸಾಲಿನಲ್ಲಿ ನಿಂತದ್ದಕ್ಕೆ ಹೆಚ್ಚು ನಾಚಿಕೆಯಾಯಿತು. ಅಕ್ಕೋರು ಮುಂದುವರಿಸಿದರು: "ಇನ್ನೊಂದು ಮಾತು. ನಿನ್ನ ಪ್ರಯೋಗ ಅರ್ಧನ ಆಗೇದ. ಆಕಿ ಇಲ್ಲದ ತಿಂಗಳು ಎಣಸೀದಿ. ಆಕಿ ಇದ್ದ ತಿಂಗಳು ಎಲ್ಲೆ ಅದ? ಎರಡೂ ಬಾಜೂಕ ಬಾಜೂ ಇಟ್ಟು ನೋಡದ ಏನೂ ಹೇಳಲಿಕ್ಕೆ ಬರೂದಿಲ್ಲ."

"ಆಕಿ ಮನಿಯೊಳಗ ಇಲ್ರಿ ಅಕ್ಕೋರ."

"ಅದು ನಿಮ್ಮ ಮನಿಯವರಿಗೆ ಬಿಟ್ಟದ್ದು. ಗಣಿತ ಇಷ್ಟ ಹೇಳ್ತದ," ಎಂದು ನೋಟ್‌ಬುಕ್ಕನ್ನು ಮುಚ್ಚಿ ನನ್ನ ಕೈಗಿಟ್ಟರು.

ಆ ಸಂಜೆ ಊಟಕ್ಕೆ ಕುಳಿತಾಗ ಎಲ್ಲರ ಮುಂದೆ ಹೇಳಿದೆ. ಕಪ್ಪಿನ ವಿಷಯವನ್ನೂ ಒಪ್ಪಿಕೊಂಡೆ. ಪ್ರಯೋಗ ಅರ್ಧವೇ ಆಗಿದೆಯಂತೆ, ಇನ್ನರ್ಧಕ್ಕೆ ವೈನಿ ಮನೆಯಲ್ಲಿ ಒಂದು ತಿಂಗಳಾದರೂ ಇರಬೇಕಂತೆ ಎಂದೆ. ಬಲಗೈ ಇನ್ನೂ ನೆಟ್ಟಗಾಗದೆ ಅಪ್ಪ ಎಡಗೈಯಿಂದ ಅನ್ನ ಕಲಸುತ್ತಿದ್ದರು. ಮುಖದಲ್ಲಿ ನಗೆಯ ಸುಳಿವೂ ಇಲ್ಲದೆ, "ಸಾಲಿ ಅಭ್ಯಾಸ ಅರ್ಧಕ್ಕ ಬಿಡಬಾರದು," ಎಂದರು. ಅಣ್ಣ ಎಷ್ಟೋ ದಿನಗಳ ಮೇಲೆ ತಟ್ಟೆಯಿಂದ ತಲೆ ಎತ್ತಿದ. ಅವ್ವ ನಮ್ಮ ಯಾರ ಮುಖವನ್ನೂ ನೋಡದೆ ಸಾರು ಬಡಿಸಿ, "ತಂದಿ ಮಗಳು ಏನ ಮಾಡ್ತೀರಿ ಮಾಡ್ಕೋರಿ," ಎಂದು ಎದ್ದು ಹೋದಳು.

ಬೇಡವೆನ್ನಲಿಲ್ಲ ಎಂಬುದೇ ನಮಗೆ ಸಾಕಾಗಿತ್ತು. ಭಾನುವಾರ ಅಪ್ಪನೂ ನಾನೂ ಖಾನಾಪುರದ ರೈಲು ಹತ್ತಿದೆವು. ಗಣಪತಿ ಹಬ್ಬ ಮುಗಿದು ಎರಡು ದಿನವಾಗಿತ್ತು. ಮಲಪ್ರಭೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಮಳೆಗಾಲದಲ್ಲಿ ಭಟ್ಟಿ ಹೊತ್ತಿಸುವುದಿಲ್ಲ. ವೈನಿಯ ಅಪ್ಪ ಶೆಡ್ಡಿನೊಳಗೆ ಬೇಸಿಗೆಯಲ್ಲಿ ಸುಟ್ಟ ಹಂಚುಗಳ ರಾಶಿಯ ಮುಂದೆ ಕುಳಿತು, ಒಂದೊಂದನ್ನೂ ಎತ್ತಿ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟು ಕೇಳುತ್ತಿದ್ದರು. ಗಟ್ಟಿ ಹಂಚು ಗಂಟೆಯಂತೆ ದನಿ ಕೊಡುತ್ತದೆ, ಸೀಳಿದ್ದು ಬೊದ್ದೆನ್ನುತ್ತದೆ. ನಾನು ಅವರ ಪಕ್ಕ ಕುಳಿತು ಬಡಿದು ನೋಡಿದೆ. ಕಣ್ಣಿಗೆ ಎರಡೂ ಒಂದೇ.

ಅಪ್ಪ ಮಾತು ಶುರು ಮಾಡಲು ಹಿಂದೆ ಮುಂದೆ ನೋಡುತ್ತಿದ್ದರು. ವೈನಿಯ ಅಪ್ಪನೇ ಹೇಳಿದರು: "ಬೀಗರ, ಭಟ್ಟಿ ತೆರದ ಕೂಡ್ಲೆ ಕೈಗೆ ಸಿಕ್ಕ ನಾಕು ಹಂಚು ಸೀಳಿದ್ದ ಇರಬಹುದು. ನಾಕು ನೋಡಿ ಭಟ್ಟಿನ ಕೆಟ್ಟೈತಿ ಅಂದ್ರ ನಾ ಎಂಥಾ ಮೇಸ್ತ್ರಿ? ಪೂರಾ ತಗದು, ಒಂದೊಂದ ಬಡದು ನೋಡಿ ಹೇಳಬೇಕಾಗ್ತೈತಿ." ಅಪ್ಪ ತಲೆ ತಗ್ಗಿಸಿದರು. ನಾನು ಮಾತ್ರ, ಇವರೂ ನಮ್ಮ ಅಕ್ಕೋರ ಕೈಯಲ್ಲಿ ಕಲಿತಿರಬೇಕೆಂದುಕೊಂಡೆ.

ವೈನಿ ಚಹಾ ತಂದಳು. ಸೊರಗಿದ್ದಳು. ನಾನು ಒಂದೇ ಉಸಿರಿಗೆ ನನ್ನ ಪ್ರಯೋಗ, ಅರ್ಧ, ಉಳಿದರ್ಧ, ಮೂವತ್ತು ದಿನ ಎಲ್ಲ ಹೇಳಿದೆ. ಆಕೆ ನಗುತ್ತಾಳೆ, ಟ್ರಂಕು ಕಟ್ಟುತ್ತಾಳೆ ಎಂದು ನಂಬಿದ್ದೆ. ಆಕೆ ನಗಲಿಲ್ಲ.

"ನಾ ಕವಡಿ ಅಲ್ಲ ತಂಗಿ, ಒಗದು ನೋಡಾಕ," ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಅತ್ತಿ ಏನಂದ್ರರಿ ಮಾವಾ?"

ಅಪ್ಪ ಸುಳ್ಳು ಹೇಳುವವರಲ್ಲ. "ಏನೂ ಅನ್ನಲಿಲ್ಲವಾ."

"ಇವರು?"

"ಅವನೂ ಏನೂ ಅನ್ನಲಿಲ್ಲ."

"ಹಂಗಾರ ನಾನೂ ಏನೂ ಅನ್ನೂದಿಲ್ರಿ," ಎಂದು ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮರಳುವ ರೈಲಿನಲ್ಲಿ ನಾನು ಕಿಟಕಿಗೆ ಮುಖ ಕೊಟ್ಟು ಕುಳಿತೆ. ಗೀಟುಗಳಲ್ಲಿ ಎಣಿಸಲು ಹೊರಟದ್ದು ಒಂದು ಜೀವವೆಂಬುದು ಅಲ್ಲಿಯ ತನಕ ನನಗೆ ಹೊಳೆದಿರಲಿಲ್ಲ. ಮನೆಗೆ ಬಂದು ಅಪ್ಪ ನಡೆದದ್ದನ್ನು ನಡೆದ ಹಾಗೆಯೇ ಅವ್ವನಿಗೆ ಹೇಳಿದರು. ಕವಡೆಯ ಮಾತನ್ನೂ ಬಿಡಲಿಲ್ಲ. ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು. ಮರುದಿನ ಬೆಳಿಗ್ಗೆ ನಾನು ಸಾಲಿಗೆ ಹೊರಡುತ್ತಿದ್ದಾಗ ಆಕೆ ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದಳು. "ಇವತ್ತ ಸಾಲಿ ಬ್ಯಾಡ. ನಡಿ," ಎಂದಳು. ಅಣ್ಣನಿಗೆ, "ನೀನೂ ನಡಿ. ಈ ಮಾತು ನಿಂದೂ ಐತಿ."

ಖಾನಾಪುರದ ಆ ಮನೆಯ ಹಿಂದಿನ ಪಡಸಾಲೆಯಲ್ಲಿ ಅವ್ವ ವೈನಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದನ್ನು ನಾನು ಕಂಬಕ್ಕೆ ಆತು ನಿಂತು ಕೇಳಿದೆ. ಅದನ್ನು ಅಪ್ಪನೂ ಮರೆತಿದ್ದರಂತೆ. ನಾನಂತೂ ಕೇಳಿಯೇ ಇರಲಿಲ್ಲ.

"ನಾ ಮದವಿ ಆಗಿ ಬಂದ ಎರಡನೇ ತಿಂಗಳಿಗೆ ನಮ್ಮ ಮಾವ ತೀರಕೊಂಡ್ರು. ಊಟ ಮಾಡಿ ಮಲಗಿದವರು ಏಳಲಿಲ್ಲ. ಎಲ್ಲಾರೂ ನನ್ನ ಕಾಲು ನೋಡಿದ್ರು. ಮೂರು ವರ್ಷ, ಮನಿಯಿಂದ ಯಾರರ ಹೊರಗ ಹೊಂಟ್ರ, ಅವರಿಗೆ ಎದುರ ಬರಬಾರದಂತ ನಾ ಅಡಗಿ ಮನಿ ಬಾಗಲ ಹಿಂದ ಸರದು ನಿಂದರತಿದ್ದೆ. ಯಾರೂ ನಿಂದರು ಅಂತ ಹೇಳಲಿಲ್ಲ. ನಾನ ನಿಂತೆ." ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇವರ ಕೈ ಮುರದಾಗ ನನಗ ಅದ ಹೆದರಿಕಿ ಬಂತು. ನನಗ ಗೊತ್ತಿದ್ದೂ ನಿನಗ ಮಾಡಿದೆ. ಈಕಿ ನಿನ್ನ ಪಾಲಿಗೆ ಎಣಸಾಕ ಕುಂತ್ಲು. ನನ್ನ ಪಾಲಿಗೆ ಯಾರೂ ಎಣಸಲಿಲ್ಲ."

ವೈನಿ ಅಣ್ಣನ ಕಡೆ ನೋಡಿದಳು. ಅಣ್ಣ ನಿಂತಲ್ಲೇ, "ನಾ ಅವತ್ತ ಮಾತಾಡಬೇಕಿತ್ತು. ತಪ್ಪಾತು," ಎಂದ. ಅಷ್ಟು ಹೇಳಲು ಅವನಿಗೆ ಎರಡು ತಿಂಗಳು ಹಿಡಿದಿತ್ತು.

"ಬರ್ತೀನ್ರಿ ಅತ್ತಿ," ಎಂದಳು ವೈನಿ.

"ಎಣಸೂದು ಗಿಣಸೂದು ಏನೂ ಬ್ಯಾಡ," ಎಂದಳು ಅವ್ವ ಅವಸರದಿಂದ. ನನಗೆ, ನಿಜ ಹೇಳುತ್ತೇನೆ, ಅಂಥ ಹೊತ್ತಿನಲ್ಲೂ ನನ್ನ ಮನೆಗೆಲಸದ ಚಿಂತೆಯಾಯಿತು. ಮುಖದ ಮೇಲೆ ಕಂಡಿರಬೇಕು. ವೈನಿ ಕಣ್ಣು ಒರೆಸಿಕೊಂಡು ಮೊದಲ ಸಲ ನಕ್ಕಳು. "ಎಣಸಲಿ ಬಿಡ್ರಿ. ಆದ್ರ ಎಲ್ಲಾರದೂ ಎಣಸಬೇಕು. ಯಾರಿಂದ ಏನ ಕೆಟ್ಟತು, ಹೆಸರು ಹಚ್ಚಿ ಬರಿಬೇಕು."

ಹಾಗೆಯೇ ಬರೆದೆ. ಈ ಸಲ ಒಂದು ಗೀಟನ್ನೂ ಸೇರಿಸಲಿಲ್ಲ, ಬಿಡಲೂ ಇಲ್ಲ. ತಿಂಗಳ ಕೊನೆಗೆ ಎಣಿಸಿ ನೋಡಿದರೆ ವೈನಿ ಇಲ್ಲದ ತಿಂಗಳಿಗಿಂತ ಇದ್ದ ತಿಂಗಳಲ್ಲಿ ಮೂರು ಹೆಚ್ಚು. ಅಕ್ಕೋರ ಹತ್ತಿರ ಓಡಿದೆ. ಅವರು ಎರಡೂ ಹಾಳೆಗಳನ್ನು ಬಾಜೂಕ ಬಾಜೂ ಇಟ್ಟು ನೋಡಿದರು. "ಮೂರು ಅಂದ್ರ ಏನೂ ಅಲ್ಲ. ಮುಂದಿನ ತಿಂಗಳು ಮೂರು ಕಡಿಮಿ ಬರಬಹುದು. ನಿನ್ನ ಎಂಟು ಕಾಟಾ ನೆನಪಿಲ್ಲೇನು?" ಎಂದರು. ಆಮೇಲೆ ಬೆರಳಿನಿಂದ ಹೆಸರುಗಳ ಸಾಲನ್ನು ಇಳಿಸುತ್ತ ಹೋಗಿ ನಗಲಾರಂಭಿಸಿದರು. ಮಸಿ ಚೆಲ್ಲಿದ್ದು ನಾನು. ಕೊಡ ಬೀಳಿಸಿದ್ದು ನಾನು. ಅಪ್ಪನ ಕನ್ನಡಕದ ಮೇಲೆ ಕುಳಿತದ್ದು ನಾನು. ಅರ್ಧಕ್ಕಿಂತ ಹೆಚ್ಚು ಗೀಟುಗಳ ಮುಂದೆ ನನ್ನದೇ ಹೆಸರಿತ್ತು.

ಮನೆಯಲ್ಲಿ ಹಾಳೆಯನ್ನು ಓದಿ ಹೇಳಿದಾಗ ಅವ್ವ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ, "ಈಕಿನ್ನ ಖಾನಾಪುರಕ್ಕ ಕಳಸಬೇಕಿತ್ತು," ಎಂದಳು. ಅಪ್ಪ ನಕ್ಕ ಭರಕ್ಕೆ ಕೆಮ್ಮು ಹತ್ತಿತು. ವೈನಿ ನೀರು ತಂದುಕೊಟ್ಟಳು.

ದೀಪಾವಳಿಯ ಹೊತ್ತಿಗೆ ಫೌಂಡ್ರಿಯ ಬೀಗ ತೆಗೆದರು. ದೊಡ್ಡವ್ವ ಹಬ್ಬದ ತಿಂಡಿಯ ಫರಾಳಕ್ಕೆ ಬಂದವಳು, "ನೋಡು, ಹುಡಿಗಿ ಕಾಲ್ಗುಣಕ್ಕ ಬೀಗ ತಗೀತು," ಎಂದಳು. ವೈನಿ ಚಕ್ಕುಲಿಯ ತಟ್ಟೆಯನ್ನು ಆಕೆಯ ಮುಂದೆ ಇಟ್ಟು ಮೆಲ್ಲಗೆ, "ಅದೂ ನಂದಲ್ರಿ ದೊಡ್ಡವ್ವಾ," ಎಂದಳು. ಹೊಗಳಿಕೆ ಬಂದರೆ ನಾನಾಗಿದ್ದರೆ ಇಟ್ಟುಕೊಂಡುಬಿಡುತ್ತಿದ್ದೆ. ಆಕೆ ಇಟ್ಟುಕೊಳ್ಳಲಿಲ್ಲ.

ಇಷ್ಟೆಲ್ಲವನ್ನೂ ಮೊನ್ನೆ ನಾನು ನನ್ನ ಸೊಸೆಗೆ ಹೇಳಬೇಕಾಗಿ ಬಂತು. ಧಾರವಾಡದ ಹುಡುಗಿ, ಬ್ಯಾಂಕಿನಲ್ಲಿ ಕೆಲಸ. ನಮ್ಮ ಮನೆಗೆ ಬಂದು ಮೂರು ವಾರವಾಗಿದೆ. ಈ ಮೂರು ವಾರದಲ್ಲಿ ಫ್ರಿಜ್ ಕೆಟ್ಟಿತು, ನಮ್ಮ ಮನೆಯವರು ಬಚ್ಚಲಲ್ಲಿ ಜಾರಿ ಸೊಂಟ ಹಿಡಿಸಿಕೊಂಡರು. ನಿಮ್ಮ ಮುಂದೆ ಮುಚ್ಚಿಡುವುದೇಕೆ, ಸೊಂಟಕ್ಕೆ ಎಣ್ಣೆ ತಿಕ್ಕುವಾಗ ಆ ಹಳೆಯ ಮಾತು ನನ್ನ ಮನಸ್ಸಿಗೂ ಬಂದು ನಿಂತಿತ್ತು. ಎಣಿಸಿ ನೋಡಿದವಳು ನಾನು. ನನ್ನೊಳಗೂ ಅದು ಹೋಗಿರಲಿಲ್ಲ. ಬೆನ್ನ ಹಿಂದೆ ಸಪ್ಪಳವಾಗಿ ತಿರುಗಿದರೆ ಆ ಹುಡುಗಿ ಬಾಗಿಲ ಬಳಿ ನಿಂತಿದ್ದಳು.

"ಅತ್ತಿ, ನಾ ಬಂದಮ್ಯಾಲನ ಇದೆಲ್ಲಾ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ನಾನು ಬಾಯಿ ಬಿಟ್ಟು ಏನೂ ಅಂದಿರಲಿಲ್ಲ. ಯಾರೂ ಅಂದಿರಲಿಲ್ಲ. ಆದರೂ ಆಕೆ ಬಾಗಿಲ ಹಿಂದೆ ಸರಿದು ನಿಂತಿದ್ದಳು.

ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡೆ. ಎಣ್ಣೆಯ ಕೈಯಲ್ಲೇ ಎಲ್ಲವನ್ನೂ ಹೇಳಿದೆ. ನಮ್ಮ ಮನೆಯವರು ಮಗ್ಗುಲಾಗಿ ಮಲಗಿಕೊಂಡೇ ಕೇಳಿದರು. ಹುಡುಗಿ ನಡುವೆ ಒಮ್ಮೆ ನಕ್ಕಳು, ಒಮ್ಮೆ ಕಣ್ಣು ತುಂಬಿಕೊಂಡಳು. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು: "ವೈನಿ ಖಾನಾಪುರದಿಂದ ತಿರಗಿ ಬಂದಾಗ ಹೊಸ್ತಲದೊಳಗ ಯಾವ ಕಾಲು ಮೊದಲ ಇಟ್ರು?"

ನೆನಪು ಮಾಡಿಕೊಂಡೆ. ಅಂದು ಸಂಜೆ ಸಣ್ಣಗೆ ಮಳೆ. ಟ್ರಂಕು ಅಣ್ಣನ ತಲೆಯ ಮೇಲೆ. ವೈನಿ ಮುಂದೆ, ಆಕೆಯ ಸೆರಗು ಹಿಡಿದು ನಾನು. ಯಾವ ಕಾಲೆಂದು ನಾನು ನೋಡಿರಲಿಲ್ಲ. ಅವ್ವನೂ ನೋಡಿರಲಿಲ್ಲ. ಆಕೆ ನಮ್ಮೆಲ್ಲರಿಗಿಂತ ಮೊದಲು ಒಳಗೆ ಓಡಿಹೋಗಿ ಗೋಣಿಚೀಲ ತಂದು, ಬಾಗಿಲ ಮುಂದಿನ ಒದ್ದೆ ಕಲ್ಲಿನ ಮೇಲೆ, ಯಾರೂ ಜಾರದಿರಲೆಂದು, ಬಗ್ಗಿ ಹಾಸುತ್ತಿದ್ದಳು.